ಕೆಂಪು ಹಿಡಿಯ ಚಾಕುವಿನ ಕುಲಗೋತ್ರ

ಬಳ್ಳಾರಿ ರಸ್ತೆಯ ಸಿಬಿಐ ಸ್ಟಾಪಿನಲ್ಲಿ ಇಳಿದು ಗಂಗಾನಗರದೊಳಗೆ ಹೊಕ್ಕು ಆರ್.ಟಿ. ನಗರದ ಕಡೆ ನಡೆದರೆ, ಸಂಜೆ ಹೊತ್ತಿನಲ್ಲಿ ಮೊಬೈಲ್ ಕವರು, ಬೆಲ್ಟು, ಕೀಚೈನುಗಳ ತಳ್ಳುಗಾಡಿ ಒಂದಾದರೂ ಸಿಗುತ್ತದೆ. ಅಂಥ ಗಾಡಿಯ ಕೀಚೈನುಗಳ ಗೊಂಚಲಿನಲ್ಲಿ ಕೆಂಪು ಹಿಡಿಯ ಪುಟ್ಟ ಮಡಚುವ ಚಾಕು ತೂಗಾಡುತ್ತಿರುತ್ತದೆ. ಹಿಡಿಯ ಮೇಲೆ ಬಿಳಿ ಶಿಲುಬೆ. ಅಲಗು ಬಿಚ್ಚಿ ಬುಡ ನೋಡಿದರೆ ‘ಸ್ಟೇನ್‌ಲೆಸ್ ಚೀನಾ’ ಎಂಬ ಮುದ್ರೆ. ಒರಿಜಿನಲ್ಲೇನಪ್ಪಾ ಎಂದು ಕೇಳಿ ನೋಡಿ, ಗಾಡಿಯವನು ಸುಳ್ಳು ಹೇಳುವುದಿಲ್ಲ. “ಫಸ್ಟ್ ಕಾಪಿ ಸಾರ್. ಒರಿಜಿನಲ್ ರೇಟಿಗೆ ಇದು ಹತ್ತು ಬರುತ್ತೆ” ಎನ್ನುತ್ತಾನೆ. ಸಿಬಿಐನವರಿಗೆ ಇದು ಸಂಬಂಧಪಟ್ಟ ಕೇಸಲ್ಲ ಬಿಡಿ. ಕೊಳ್ಳುವವರಿಗೂ ಮನಸ್ಸಿನಲ್ಲಿ ಅಳುಕಿಲ್ಲ. ಸ್ವಿಟ್ಜರ್ಲೆಂಡಿನ ಯಾವುದೋ ಕಂಪನಿಗೆ ನನ್ನ ನೂರೈವತ್ತು ರೂಪಾಯಿಯಿಂದ ಏನು ನಷ್ಟ? ಅಸಲಿ ಚಾಕುವನ್ನು ನಾನು ಹೇಗೂ ಕೊಳ್ಳುತ್ತಿರಲಿಲ್ಲವಲ್ಲ?

ಈ ಪ್ರಶ್ನೆಗೆ ಥಟ್ಟನೆ ಉತ್ತರಿಸುವುದು ಕಷ್ಟ. ಹೆಸರಿಗಾಗಿ, ಮುದ್ರೆಗಾಗಿ ಚಾಕುವಿನಷ್ಟು ಕಾಲ ಜಗಳವಾಡಿದ ಸರಕು ಕಡಿಮೆ. ಇಂದು ನಕಲಿಯ ವಿರುದ್ಧ ಗುಡುಗುವ ಊರುಗಳಲ್ಲಿ ಕೆಲವು ಒಂದು ಕಾಲಕ್ಕೆ ತಾವೇ ನಕಲು ಮಾಡಿ ಬದುಕಿದವು. ಕಥೆ ಶುರುವಾಗುವುದಂತೂ ನಮ್ಮ ಮಗ್ಗುಲಲ್ಲೇ.

ಟಿಪ್ಪು ಸುಲ್ತಾನ್ ಮಡಿದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕನನ್ ಈಸ್ಟ್ ಇಂಡಿಯಾ ಕಂಪನಿಯ ಆಣತಿಯಂತೆ ಮೈಸೂರು ಸೀಮೆಯನ್ನು ಸುತ್ತಿದ. ಅವನು ಬರೆದಿಟ್ಟ ವಿವರಗಳಲ್ಲಿ ಇಲ್ಲಿನ ಕಬ್ಬಿಣ, ಉಕ್ಕಿನ ಕುಲುಮೆಗಳೂ ಇವೆ. ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡು, ಅದರ ಜತೆ ತಂಗಡಿ ಗಿಡದ ಕಡ್ಡಿ, ಒಂದೆರಡು ಹಸಿ ಎಲೆ ಹಾಕಿ, ಬಾಯಿಗೆ ಮಣ್ಣು ಮೆತ್ತಿ, ಇದ್ದಿಲ ಬೆಂಕಿಯಲ್ಲಿಟ್ಟು ತಿದಿ ಒತ್ತುತ್ತಿದ್ದರು. ಕಡ್ಡಿ, ಎಲೆಗಳಲ್ಲಿನ ಇಂಗಾಲ ಕಬ್ಬಿಣಕ್ಕೆ ಇಳಿದು ಉಕ್ಕಿನ ಗಟ್ಟಿ ಸಿದ್ಧವಾಗುತ್ತಿತ್ತು. ಯುರೋಪಿನವರು ‘ವೂಟ್ಸ್’ ಎಂದು ಕರೆದದ್ದು ದಕ್ಷಿಣ ಭಾರತದ ಈ ಬಗೆಯ ಉಕ್ಕನ್ನೇ. ಅರಬ್ಬರ ನಾಡಿಗೆ ಹೋಗಿ ಡಮಾಸ್ಕಸ್ ಕತ್ತಿ ಎಂದು ಹೆಸರಾದ ಅಲಗುಗಳಿಗೆ ಕಚ್ಚಾವಸ್ತು ಒದಗಿಸಿದ್ದೂ ಇದೇ.

ಲಂಡನ್ನಿನ ವಿಜ್ಞಾನಿಗಳಿಗೆ ಇದರ ಹುಚ್ಚು ಹಿಡಿಯಿತು. 1795ರಲ್ಲಿ ಜಾರ್ಜ್ ಪಿಯರ್‌ಸನ್ ರಾಯಲ್ ಸೊಸೈಟಿಯಲ್ಲಿ ಇದರ ಮೇಲೆ ಪ್ರಬಂಧ ಓದಿದ. ಮುಂದೆ ವಿದ್ಯುತ್ತಿನ ಸಂಶೋಧನೆಗಳಿಂದ ಜಗತ್ಪ್ರಸಿದ್ಧನಾದ ಮೈಕೆಲ್ ಫ್ಯಾರಡೆ, ಜೇಮ್ಸ್ ಸ್ಟೋಡಾರ್ಟ್ ಎಂಬ ಚಾಕು ತಯಾರಕನ ಜತೆ ಸೇರಿ ಈ ಉಕ್ಕಿನ ಗುಟ್ಟು ಬಿಡಿಸಲು, ಅದನ್ನೇ ಹೋಲುವ ಉಕ್ಕನ್ನು ಎರಕ ಹೊಯ್ಯಲು ಹೊರಟ. ಇಬ್ಬರೂ ಕೂಡಿ ಬರೆದ ಪ್ರಬಂಧ 1820ರಲ್ಲಿ ಪ್ರಕಟವಾಯಿತು. ನಮ್ಮ ಉಕ್ಕನ್ನು ನಕಲು ಮಾಡುವ ಯತ್ನವೇ ಅದು. ಆದರೂ ಅವರನ್ನು ಕಳ್ಳರೆನ್ನಲು ನನಗೆ ನಾಲಗೆ ಬರುವುದಿಲ್ಲ. ಸ್ಟೋಡಾರ್ಟ್ ತನ್ನ ಅಂಗಡಿಯ ಚೀಟಿಯಲ್ಲೇ ಇದು ಭಾರತದಿಂದ ಬಂದ ಉಕ್ಕು, ಯುರೋಪಿನ ಉಕ್ಕಿಗಿಂತ ಮೇಲು ಎಂದು ಅಚ್ಚು ಹಾಕಿಸಿದ್ದ. ಬೇರೆಯವರಿಂದ ಕಲಿತ, ಕಲಿತದ್ದು ಯಾರಿಂದ ಎಂದೂ ಹೇಳಿದ. ಈ ನಡತೆಯನ್ನು ಸ್ವಲ್ಪ ನೆನಪಿನಲ್ಲಿಡಿ, ಯಾಕೆಂದರೆ ಮುಂದೆ ಬರುವವರೆಲ್ಲ ಇಷ್ಟು ಸಂಭಾವಿತರಲ್ಲ.

ಇಂಗ್ಲೆಂಡಿನ ಶೆಫೀಲ್ಡ್ ಚಾಕುಗಳ ಊರು. 1624ರಲ್ಲೇ ಅಲ್ಲಿನ ಚಾಕು ತಯಾರಕರ ಸಂಘಕ್ಕೆ ಪಾರ್ಲಿಮೆಂಟು ಕಾನೂನಿನ ಬಲ ಕೊಟ್ಟಿತ್ತು. ಪ್ರತಿ ಕಸುಬುದಾರನೂ ತನ್ನದೇ ಗುರುತನ್ನು ಸಂಘದಲ್ಲಿ ನೋಂದಾಯಿಸಿ ಅಲಗಿನ ಮೇಲೆ ಒತ್ತಬೇಕು, ಒಬ್ಬನ ಗುರುತನ್ನು ಇನ್ನೊಬ್ಬ ಬಳಸಕೂಡದು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಜರ್ಮನಿಯ ಜೋಲಿಂಗೆನ್ ಪಟ್ಟಣ ಪೈಪೋಟಿಗಿಳಿಯಿತು. ಅಲ್ಲಿಂದ ಬಂದ ಅಗ್ಗದ ಚಾಕು, ಕತ್ತರಿಗಳ ಮೇಲೆ ‘ಶೆಫೀಲ್ಡ್’ ಎಂಬ ಮುದ್ರೆಯೇ ಇರುತ್ತಿತ್ತು. ಶೆಫೀಲ್ಡಿನವರು ಬೊಬ್ಬೆ ಹೊಡೆದರು. 1887ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಸರಕಿನ ಗುರುತುಗಳ ಕಾಯ್ದೆ ತಂದಿತು. ಇಂಗ್ಲಿಷ್ ಹೆಸರು ಹೊತ್ತು ಬರುವ ಪರದೇಶದ ಮಾಲಿನ ಮೇಲೆ ಅದು ತಯಾರಾದ ದೇಶದ ಹೆಸರೂ ಇರಲೇಬೇಕೆಂದಾಯಿತು. ‘ಮೇಡ್ ಇನ್ ಜರ್ಮನಿ’ ಎಂಬ ಮಾತು ಚಲಾವಣೆಗೆ ಬಂದದ್ದು ಹೀಗೆ, ನಾಚಿಕೆಯ ಬರೆಯಾಗಿ. ಇಪ್ಪತ್ತು ಮೂವತ್ತು ವರ್ಷಗಳಲ್ಲಿ ಜರ್ಮನರು ಕೆಲಸವನ್ನು ಎಷ್ಟು ಸುಧಾರಿಸಿಕೊಂಡರೆಂದರೆ ಆ ಬರೆಯೇ ಹಣೆಯ ತಿಲಕವಾಯಿತು. 1938ರ ಹೊತ್ತಿಗೆ ಜೋಲಿಂಗೆನ್ ಹೆಸರನ್ನು ಬೇರೆಯವರು ಬಳಸದಂತೆ ಕಾಯಲು ಅಲ್ಲೇ ಕಾನೂನು ಬಂತು! ಬ್ರಿಟಿಷರು 1887ರ ಕಾಯ್ದೆಯ ತಮ್ಮನೊಬ್ಬನನ್ನು 1889ರಲ್ಲಿ ಭಾರತಕ್ಕೂ ಕೊಟ್ಟರು. ನಮ್ಮ ಇಂದಿನ ಟ್ರೇಡ್‌ಮಾರ್ಕ್ ಕಾನೂನಿನ ಹಿರೀಕರಲ್ಲಿ ಅದೂ ಒಂದು.

ಇನ್ನು ನಮ್ಮ ಕೆಂಪು ಹಿಡಿಯ ಚಾಕು. ಕಾರ್ಲ್ ಎಲ್ಸೆನರ್ ಎಂಬಾತ 1884ರಲ್ಲಿ ಸ್ವಿಟ್ಜರ್ಲೆಂಡಿನ ಇಬಾಖ್ ಎಂಬ ಹಳ್ಳಿಯಲ್ಲಿ ಚಾಕು ಕಾರ್ಖಾನೆ ತೆರೆದ. ಆ ಕಾಲಕ್ಕೆ ಸ್ವಿಸ್ ಸೈನ್ಯ ತನ್ನ ಸಿಪಾಯಿಗಳಿಗೆ ಮಡಚುವ ಚಾಕು ಕೊಡಲು ತೀರ್ಮಾನಿಸಿತ್ತು. ಬಂದೂಕು ಬಿಚ್ಚಲು ತಿರುಪುಳಿ, ಡಬ್ಬಿ ಕೊರೆಯಲು ಒಂದು ಅಲಗು ಅದರಲ್ಲಿರಬೇಕಿತ್ತು. ಆದರೆ ಅಷ್ಟು ಚಾಕು ಮಾಡಿಕೊಡುವ ತಾಕತ್ತು ದೇಶದಲ್ಲಿ ಯಾರಿಗೂ ಇರಲಿಲ್ಲ. ಹಾಗಾಗಿ ಸ್ವಿಸ್ ಸೈನ್ಯದ ಮೊದಲ ಕಂತಿನ ಚಾಕುಗಳು ತಯಾರಾದದ್ದು ಜರ್ಮನಿಯ ಅದೇ ಜೋಲಿಂಗೆನ್ನಿನಲ್ಲಿ. ಎಲ್ಸೆನರ್ ಸ್ವದೇಶಿ ಕಸುಬುದಾರರ ಸಂಘ ಕಟ್ಟಿ 1891ರಲ್ಲಿ ಸೈನ್ಯಕ್ಕೆ ಚಾಕು ಒದಗಿಸಿದ. ಜರ್ಮನರ ಬೆಲೆಯ ಮುಂದೆ ಸಂಘ ನಿಲ್ಲಲಿಲ್ಲ, ಜತೆಗಾರರು ಕಳಚಿಕೊಂಡರು, ಇವನಿಗೆ ಸಾಲ ಮೈಮೇಲೆ ಬಂತು. ಬಂಧುಗಳು ಕೈಹಿಡಿಯದಿದ್ದರೆ ಕಾರ್ಖಾನೆಗೆ ಬೀಗ ಬೀಳುತ್ತಿತ್ತು. 1897ರ ಜೂನ್ 12ರಂದು, ಒಂದೇ ಸ್ಪ್ರಿಂಗಿನ ಎರಡೂ ಬದಿಗೆ ಅಲಗುಗಳನ್ನು ಕೂರಿಸಿದ ಹಗುರ ಚಾಕುವಿಗೆ ಕಾನೂನಿನ ರಕ್ಷಣೆ ಪಡೆದ. ಜಗತ್ತು ಇಂದು ಗುರುತಿಸುವ ಸ್ವಿಸ್ ಚಾಕು ಇದೇ.

1909ರಲ್ಲಿ ಎಲ್ಸೆನರನ ತಾಯಿ ವಿಕ್ಟೋರಿಯಾ ತೀರಿಕೊಂಡಳು. ಅವಳ ಹೆಸರನ್ನೇ ಮಾಲಿಗೆ ಇಟ್ಟ. ಮುಂದೆ 1921ರಲ್ಲಿ ತುಕ್ಕು ಹಿಡಿಯದ ಉಕ್ಕಿನ ‘ಇನಾಕ್ಸ್’ ಅದಕ್ಕೆ ಸೇರಿ ವಿಕ್ಟೋರಿನಾಕ್ಸ್ ಆಯಿತು. ಶಿಲುಬೆ ಮತ್ತು ಗುರಾಣಿಯ ಲಾಂಛನ ಬಂದದ್ದೂ ಅದೇ 1909ರಲ್ಲೇ. ಯಾಕೆ ಬಂತು ಗೊತ್ತೇ? ಆಗಲೇ ಮಾರುಕಟ್ಟೆಯಲ್ಲಿ ಹಬ್ಬಿದ್ದ ಅನುಕರಣೆಗಳಿಂದ ತನ್ನ ಚಾಕುವನ್ನು ಬೇರೆ ಮಾಡಿ ತೋರಿಸಲು! ನಕಲಿಯನ್ನು ದೂರವಿಡಲೆಂದೇ ಹುಟ್ಟಿದ ಗುರುತು ಈಗ ತಳ್ಳುಗಾಡಿಯ ಮೇಲೆ ನಕಲಿಯ ಮೊದಲ ಗುರುತಾಗಿದೆ.

ಸ್ವಿಸ್ಸರೊಳಗೂ ಜಗಳ ತಪ್ಪಲಿಲ್ಲ. ಸೈನ್ಯದ ಗುತ್ತಿಗೆ ವೆಂಗರ್ ಎಂಬ ಇನ್ನೊಂದು ಕಂಪನಿಗೂ ಹಂಚಿಕೆಯಾಯಿತು. ಒಬ್ಬರು ತಮ್ಮದು ‘ಒರಿಜಿನಲ್’ ಎಂದರೆ ಇನ್ನೊಬ್ಬರು ‘ಜೆನ್ಯುಯಿನ್’ ಎಂದು ಬರೆದುಕೊಂಡು ನೂರು ವರ್ಷ ದೂಡಿದರು. 2005ರಲ್ಲಿ ವಿಕ್ಟೋರಿನಾಕ್ಸ್ ವೆಂಗರನ್ನೇ ಕೊಂಡಿತು.

ಚಾಕು ತಯಾರಿಕೆಯ ಈಗಿನ ಕೇಂದ್ರವೆಂದರೆ ಚೀನಾದ ಗ್ವಾಂಗ್‌ಡಾಂಗ್ ಪ್ರಾಂತ್ಯದ ಯಾಂಗ್‌ಜಿಯಾಂಗ್. ಅಲ್ಲಿಂದ ಬರುವುದೆಲ್ಲ ಡೂಪ್ಲಿಕೇಟ್ ಎಂದುಕೊಂಡರೆ ತಪ್ಪು. ಪಾಶ್ಚಾತ್ಯ ಕಂಪನಿಗಳಿಗೆ ಗುತ್ತಿಗೆಯ ಮೇಲೆ ಮಾಡಿಕೊಡುವವರು, ತಮ್ಮದೇ ಹೆಸರಿನಲ್ಲಿ ಅಚ್ಚುಕಟ್ಟಾದ ಚಾಕು ಮಾಡುವವರು ಆ ಊರಿನಲ್ಲಿ ಬೇಕಾದಷ್ಟಿದ್ದಾರೆ. ಕದ್ದ ಹೆಸರು ಒತ್ತುವವರೂ ಇದ್ದಾರೆ. ಗೆರೆ ಎಳೆಯಬೇಕಾದದ್ದು ದೇಶದ ಹೆಸರಿನ ಮೇಲಲ್ಲ.

ಹಾಗಾದರೆ ಎಲ್ಲಿ? ಚಾಕುವಿನ ಆಕಾರ, ಅದರ ಒಳಗಿನ ಯುಕ್ತಿ ಯಾರ ಸ್ವತ್ತೂ ಶಾಶ್ವತವಾಗಿ ಅಲ್ಲ. ಪೇಟೆಂಟಿನ ಆಯುಷ್ಯ 20 ವರ್ಷ. ನಮ್ಮ ವಿನ್ಯಾಸ ಕಾಯ್ದೆಯಲ್ಲಿ 10 ವರ್ಷ, ಕೇಳಿಕೊಂಡರೆ ಇನ್ನೂ 5. ಆಮೇಲೆ ಅದು ಎಲ್ಲರದು. ಅಮೆರಿಕದ ಬೆಂಚ್‌ಮೇಡ್ ಕಂಪನಿ 1998ರಲ್ಲಿ ಹೊರತಂದ, ಅಲಗು ಬಿಚ್ಚಿದ ಮೇಲೆ ಅಡ್ಡ ಸರಳೊಂದು ಜಾರಿ ಬಂದು ಬಿಗಿ ಹಿಡಿಯುವ ಬೀಗ ಪೇಟೆಂಟ್ ಅವಧಿ ಮುಗಿದ ಮೇಲೆ ಹತ್ತಾರು ಕಂಪನಿಗಳ ಚಾಕುಗಳಲ್ಲಿ ಬಂದಿದೆ. ಅದರಲ್ಲಿ ಅನ್ಯಾಯವಿಲ್ಲ. ಎಲ್ಸೆನರನ ಜೋಡಣೆಯನ್ನು ಇಂದು ಪೀಣ್ಯದ ಯಾವುದಾದರೂ ವರ್ಕ್‌ಶಾಪಿನವರು ಮಾಡಿ, ತಮ್ಮ ಹೆಸರು ಹಾಕಿ ಮಾರಿದರೆ ನಾನೇ ಮೊದಲ ಗಿರಾಕಿ. ಹೆಸರು, ಲಾಂಛನದ ಸಂಗತಿ ಬೇರೆ. ನೋಂದಣಿ ನವೀಕರಿಸುತ್ತಾ ಹೋದಷ್ಟು ಕಾಲವೂ ಅದು ಒಡೆಯನದೇ. ಹೀಗಿರುವುದು ಸರಿ ಕೂಡ. ಆಕಾರ ನಕಲು ಮಾಡಿದವನು ತನ್ನ ಕೆಲಸ ಮಾರುತ್ತಾನೆ, ಹೆಸರು ಕದ್ದವನು ಇನ್ನೊಬ್ಬನ ಕೆಲಸವನ್ನು ತನ್ನದೆಂದು ಮಾರುತ್ತಾನೆ.

ನಮ್ಮ 1999ರ ಟ್ರೇಡ್‌ಮಾರ್ಕ್ ಕಾಯ್ದೆಯಲ್ಲಿ ಸುಳ್ಳು ಗುರುತಿನ ಮಾಲು ಮಾಡುವವನಿಗೂ ಮಾರುವವನಿಗೂ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ ಇದೆ. ತನ್ನ ಬಳಕೆಗೆ ಕೊಂಡವನಿಗೆ ಏನೂ ಇಲ್ಲ. ಇಟಲಿಯಲ್ಲಿ ಬೀದಿಬದಿ ನಕಲಿ ಕೈಚೀಲ ಕೊಂಡ ಪ್ರವಾಸಿಗೂ ದಂಡ ಬೀಳುತ್ತದೆ. ಅದು ನಮಗೆ ಬೇಡ, ಇಲ್ಲಿ ದಂಡ ವಸೂಲಿಯ ಹೆಸರಿನಲ್ಲಿ ಬೇರೆಯೇ ವ್ಯಾಪಾರ ಶುರುವಾದೀತು.

ದೂರದ ಸ್ವಿಸ್ಸರ ಕಷ್ಟ ನಮಗೆ ತಟ್ಟದಿದ್ದರೆ ಹತ್ತಿರದ್ದನ್ನು ನೋಡೋಣ. ಗಂಗಾನಗರದಿಂದ ಮೇಖ್ರಿ ವೃತ್ತ ದಾಟಿ ಯಶವಂತಪುರದ ಕಡೆ ಹೋದರೆ ಮೈಸೂರು ಸ್ಯಾಂಡಲ್ ಸೋಪಿನ ಕಾರ್ಖಾನೆ. ಮೆಟ್ರೊ ನಿಲ್ದಾಣಕ್ಕೂ ಅದರದೇ ಹೆಸರು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಮೊದಲ ಮಹಾಯುದ್ಧದಿಂದ ಗಂಧದ ಮರದ ರಫ್ತು ನಿಂತಾಗ ಹುಟ್ಟಿದ ಉದ್ಯಮವದು. ಆನೆಯ ತಲೆ, ಸಿಂಹದ ಮೈಯ ಶರಭ ಅದರ ಲಾಂಛನ. ಭೌಗೋಳಿಕ ಗುರುತಿನ ರಕ್ಷಣೆಯೂ ಸಿಕ್ಕಿದೆ. 2024ರ ಜನವರಿಯಲ್ಲಿ ಹೈದರಾಬಾದಿನ ಮಲಕ್‌ಪೇಟೆಯಲ್ಲಿ ಇದೇ ಸೋಪಿನ ನಕಲಿ ತಯಾರಿಸುತ್ತಿದ್ದ ಜಾಲ ಸಿಕ್ಕಿಬಿತ್ತು. ಸುಮಾರು 2 ಕೋಟಿ ರೂಪಾಯಿಯ ಮಾಲು ವಶವಾಯಿತೆಂದು ಸಚಿವ ಎಂ.ಬಿ. ಪಾಟೀಲರು ತಿಳಿಸಿದರು. ಆ ಸುದ್ದಿ ಓದಿದಾಗ ಬೆಂಗಳೂರಿನಲ್ಲಿ ಯಾರೂ ‘ಕಂಪನಿಗೆ ಏನು ನಷ್ಟ’ ಎನ್ನಲಿಲ್ಲ. ನಮ್ಮ ಸೋಪು ಎಂದು ಸಿಟ್ಟಾದೆವು. ಇಬಾಖ್ ಹಳ್ಳಿಯವರಿಗೂ ಅವರ ಚಾಕು ಹಾಗೇ.

ಹೀಗಿದ್ದೂ ನಕಲಿ ಚಾಕುವಿನಿಂದ ಹೆಚ್ಚು ಪೆಟ್ಟು ತಿನ್ನುವವನು ಸ್ವಿಸ್ ಕಂಪನಿಯವನಲ್ಲ ಎಂಬುದು ನನ್ನ ಅಭಿಪ್ರಾಯ. ನೂರೈವತ್ತು ರೂಪಾಯಿಗೆ ಶಿಲುಬೆಯ ಚಾಕು ಸಿಗುವಾಗ, ಇನ್ನೂರು ರೂಪಾಯಿಗೆ ಸ್ವಂತ ಹೆಸರಿನ ಚಾಕು ಮಾರಲು ಕೂತ ದೇಶಿ ಕಸುಬುದಾರನ ಕಡೆ ಯಾರೂ ತಿರುಗುವುದಿಲ್ಲ. ಅವನು ಪೈಪೋಟಿ ಮಾಡಬೇಕಾದದ್ದು ಇನ್ನೊಂದು ಅಗ್ಗದ ಚಾಕುವಿನ ಜತೆಯಲ್ಲ, ಪುಕ್ಕಟೆ ಸಿಕ್ಕ ನೂರು ವರ್ಷದ ಕೀರ್ತಿಯ ಜತೆ. ಉತ್ತರ ಪ್ರದೇಶದ ರಾಮ್‌ಪುರದಲ್ಲಿ 2023ರಲ್ಲಿ ಆರು ಮೀಟರ್ ಉದ್ದದ ರಾಮ್‌ಪುರಿ ಚಾಕುವನ್ನು ವೃತ್ತದಲ್ಲಿ ನಿಲ್ಲಿಸಿದರು. ಆ ಊರಿನಲ್ಲಿ ಚಾಕು ಮಾಡುವ ಕೈಗಳು ಮಾತ್ರ ಬೆರಳೆಣಿಕೆಗೆ ಇಳಿದಿವೆ. ಅಲ್ಲಿ ಸರ್ಕಾರದ ನಿರ್ಬಂಧದ ಪಾಲು ದೊಡ್ಡದು, ಅಗ್ಗದ ಮಾಲಿನದೂ ಕಡಿಮೆಯೇನಲ್ಲ.

ಇನ್ನು ಬೆರಳಿನ ಪ್ರಶ್ನೆ. ನಕಲಿ ಕೈಚೀಲ ಹರಿದರೆ ಮಾನ ಹೋದೀತು, ನಕಲಿ ಚಾಕುವಿನ ಬೀಗ ಜಾರಿದರೆ ಅಲಗು ಗೆಣ್ಣಿನ ಮೇಲೆ ಮಡಚಿಕೊಳ್ಳುತ್ತದೆ. ಹೆಸರು ಕದ್ದವನು ಕಾಣದ ಕಡೆ ಮೊದಲು ಮಿಗಿಸುವುದು ಉಕ್ಕಿನಲ್ಲಿ, ಹದದಲ್ಲಿ. ಅಲಗಿನ ಮೇಲೆ ದುಬಾರಿ ಉಕ್ಕಿನ ಹೆಸರು ಕೊರೆಯಲು ಖರ್ಚೇನಿದೆ? ಬೀದಿಗೆ ಸೈಕಲ್ ಮೇಲೆ ಬರುವ ಸಾಣೆಯವನನ್ನು ಕೇಳಿ, ಚಕ್ರಕ್ಕೆ ತಗುಲಿಸಿದ ಕೂಡಲೇ ಹೇಳುತ್ತಾನೆ. ಇಂಗಾಲ ಚೆನ್ನಾಗಿರುವ ಉಕ್ಕಿನ ಕಿಡಿ ಕವಲೊಡೆದು ಸಿಡಿಯುತ್ತದೆ, ಮೆದು ಕಬ್ಬಿಣದ್ದು ಉದ್ದಗೆರೆಯಾಗಿ ಹೋಗಿ ಆರುತ್ತದೆ. ಮೆದು ಅಲಗಿಗೆ ಸಾಣೆ ಹಿಡಿಸಿದರೂ ನಾಲ್ಕು ಮಾವಿನಕಾಯಿ ಹೆಚ್ಚುವಷ್ಟರಲ್ಲಿ ಮೊಂಡು.

ಆನ್‌ಲೈನಿನಲ್ಲಿ ‘ಡಮಾಸ್ಕಸ್ ಸ್ಟೀಲ್’ ಎಂದು ಮಾರುವ ಚಾಕುಗಳನ್ನು ಕಂಡಾಗ ಮಾತ್ರ ನನಗೆ ನಗುವೂ ಬರುತ್ತದೆ, ಹೊಟ್ಟೆಯೂ ಉರಿಯುತ್ತದೆ. ಬಗೆಬಗೆಯ ಉಕ್ಕಿನ ಪದರಗಳನ್ನು ಬಡಿದು ಬೆಸೆದು ಅಲೆಯ ಚಿತ್ತಾರ ತರಿಸುವ ಪ್ರಾಮಾಣಿಕರು ಇದ್ದಾರೆ. ಅಗ್ಗದ ಮಾಲಿನಲ್ಲಿ ಆ ಅಲೆಗಳು ಬರೀ ಲೇಸರಿನಲ್ಲಿ ಕೆತ್ತಿದ ಗೆರೆ, ಸಾಣೆ ಹಿಡಿದರೆ ಅಳಿಸಿಹೋಗುತ್ತವೆ. ತಂಗಡಿ ಕಡ್ಡಿ ಹಾಕಿ ಮೂಸೆಯಲ್ಲಿ ಉಕ್ಕು ಕಾಯಿಸಿದವರ ನಾಡಿಗೇ ಅದರ ಗೆರೆ ಎಳೆದ ನಕಲಿ ಬಂದು, ಪಾರ್ಸೆಲ್ಲಾಗಿ ಮನೆ ಬಾಗಿಲಿಗೆ ತಲುಪುತ್ತಿದೆ.

ಆದ್ದರಿಂದ ಫಸ್ಟ್ ಕಾಪಿ ಚಾಕು ಕೊಳ್ಳುವುದು ತಪ್ಪೇ ಎಂದು ಕೇಳಿದರೆ ನನ್ನ ಉತ್ತರ ಹೌದು ಎಂದೇ. ಕೊಂಡವರನ್ನು ಕಳ್ಳರೆಂದು ಜರೆಯುವ ಅಗತ್ಯವಿಲ್ಲ, ಗಾಡಿಯವನ ಹೊಟ್ಟೆಪಾಡನ್ನು ಹೀನಾಯ ಮಾಡುವುದೂ ಬೇಡ, ಅವನು ಸಗಟು ಅಂಗಡಿಯಲ್ಲಿ ಸಿಕ್ಕಿದ್ದನ್ನು ತಂದು ಮಾರುತ್ತಾನೆ. ಜೇಬಿನಲ್ಲಿ ಒಂದು ಚಾಕು ಬೇಕೆನಿಸಿದರೆ, ಕೈಯಲ್ಲಿ ಹೆಚ್ಚು ದುಡ್ಡಿಲ್ಲದಿದ್ದರೆ, ಶಿಲುಬೆ ಇಲ್ಲದ್ದು, ಮಾಡಿದವನ ಹೆಸರಿರುವುದು, ಅದೂ ಸಿಗದಿದ್ದರೆ ಯಾವ ಹೆಸರೂ ಇಲ್ಲದ್ದು ಕೊಡು ಎಂದು ಅವನನ್ನೇ ಕೇಳಿ. ನಾಲ್ಕು ಜನ ಹಾಗೆ ಕೇಳಿದರೆ ಮುಂದಿನ ವಾರ ತಂದಿಟ್ಟಿರುತ್ತಾನೆ.