ಮೊದಲು ಬೀಳುವುದನ್ನು ಕಲಿ

ಜೂಡೊ ಕಲಿಯಲು ಬಂದವರಿಗೆ ಮೊದಲ ದಿನವೇ ಎದುರಾಳಿಯನ್ನು ಎತ್ತಿ ಒಗೆಯುವ ಪಟ್ಟು ಸಿಗುವುದಿಲ್ಲ. ಸಿಗುವುದು ಬೀಳುವ ಪಾಠ. ಗದ್ದವನ್ನು ಎದೆಗೆ ಒತ್ತಿಕೊಂಡು, ಬೆನ್ನು ದುಂಡಗೆ ಮಾಡಿ, ಮೈ ನೆಲ ಮುಟ್ಟುವ ಹೊತ್ತಿಗೆ ಸರಿಯಾಗಿ ಇಡೀ ತೋಳಿನಿಂದ ಚಾಪೆಗೆ ಫಟಾರನೆ ಬಡಿಯಬೇಕು. ಪೆಟ್ಟು ಒಂದೇ ಕಡೆ ನಾಟದೆ ಹಂಚಿಹೋಗುತ್ತದೆ. ತಲೆ, ಬೆನ್ನುಮೂಳೆ ಉಳಿಯುತ್ತವೆ. ‘ಉಕೆಮಿ’ ಎಂಬ ಈ ಅಭ್ಯಾಸ ಕಪ್ಪು ಬೆಲ್ಟಿನವರಿಗೂ ತಪ್ಪಿದ್ದಲ್ಲ.

ಜೂಡೊ ವಿದ್ಯೆಯನ್ನು ಕಟ್ಟಿದ ಜಿಗೊರೊ ಕಾನೊ (1860–1938) ಓದಿನಲ್ಲಿ ಜಾಣ, ಮೈಯಲ್ಲಿ ಸಣಕಲ. ಗಟ್ಟಿಮುಟ್ಟಾದ ಸಹಪಾಠಿಗಳ ಕಾಟ ತಾಳಲಾರದೆ ಜುಜುತ್ಸು ಕಲಿಯಲು ಹೊರಟ. ಸಮುರಾಯಿಗಳ ಕಾಲ ಮುಗಿದು, ಆ ಹಳೆಯ ಯುದ್ಧವಿದ್ಯೆಯನ್ನು ಕೇಳುವವರೇ ಇಲ್ಲವಾಗಿದ್ದ ದಿನಗಳವು. 1882ರಲ್ಲಿ ಟೋಕಿಯೊದ ಏಶೋಜಿ ದೇಗುಲದಲ್ಲಿ, ಹನ್ನೆರಡು ಚಾಪೆಯಷ್ಟು ಜಾಗದಲ್ಲಿ ಕಾನೊ ತನ್ನ ‘ಕೊಡೊಕಾನ್’ ಶಾಲೆ ಶುರುಮಾಡಿದ.

ಕೈಕಾಲು ಮುರಿಯುವಂಥ ಅಪಾಯದ ವರಸೆಗಳನ್ನು ಅವನು ದಿನನಿತ್ಯದ ಸೆಣಸಾಟದಿಂದ ಕೈಬಿಟ್ಟ. ವಿದ್ಯೆ ಇದರಿಂದ ಪೊಳ್ಳಾಗಲಿಲ್ಲ. ಗಾಯದ ಭಯವಿಲ್ಲದ್ದರಿಂದ ಶಿಷ್ಯರು ದಿನವೂ ಪೂರ್ತಿ ಬಲ ಹಾಕಿ ಸೆಣಸಬಹುದಾಯಿತು, ಪಳಗಿದ್ದು ಹಾಗೆ.

ಪಟ್ಟಿನ ಗುಟ್ಟು ತೋಳ್ಬಲದಲ್ಲಿಲ್ಲ. ಎದುರಾಳಿ ನೂಕಿದರೆ ಎದುರು ನೂಕದೆ ಹಿಂದೆ ಸರಿದು ಅವನನ್ನೇ ಎಳೆದುಕೊಳ್ಳಬೇಕು. ಅವನ ಭಾರ ಮುಂಗಾಲಿಗೆ ಬಂದು ಆಯ ತಪ್ಪಿದ ಗಳಿಗೆಯಲ್ಲಿ ಒಳನುಗ್ಗಿ, ಬೆನ್ನು ತಿರುಗಿಸಿ, ಸೊಂಟದ ಮೇಲೇರಿಸಿ ಕೆಡವಬೇಕು. ಆಗಲೂ ಅವನ ಅಂಗಿಯ ತೋಳನ್ನು ಬಿಡುವಂತಿಲ್ಲ. ಕೊನೆಗಳಿಗೆಯಲ್ಲಿ ಅದನ್ನು ಮೇಲಕ್ಕೆ ಎಳೆದು ಹಿಡಿದರೆ ಅವನ ತಲೆ ನೆಲಕ್ಕೆ ಅಪ್ಪಳಿಸುವುದಿಲ್ಲ. ಕತ್ತು ಅಮುಕುವ ಪಟ್ಟಿಗೆ ಸಿಕ್ಕವನು ಎರಡು ಸಲ ತಟ್ಟಿದರೆ ಸಾಕು, ಹಿಡಿತ ಆ ಕ್ಷಣವೇ ಸಡಿಲಬೇಕು. ಶಕ್ತಿಯನ್ನು ಪೋಲುಮಾಡದೆ ಬಳಸು, ಇಬ್ಬರೂ ಕೂಡಿ ಏಳಿಗೆಯಾಗಿ ಎಂದು ಕಾನೊ ಹೇಳಿದ ಎರಡು ತತ್ವಗಳು ಚಾಪೆಯ ಮೇಲೆ ಕಾಣುವುದು ಹೀಗೆ. ಮೈಯೊಡ್ಡುವ ಜೊತೆಗಾರನಿಲ್ಲದೆ ಯಾರೂ ಪಟ್ಟು ಕಲಿಯಲಾರರು. ಸೆಣಸಾಟಕ್ಕೆ ಮುಂಚೆ ಮತ್ತು ಮುಗಿದ ಮೇಲೆ ಒಬ್ಬರಿಗೊಬ್ಬರು ಬಾಗಿ ವಂದಿಸುವುದೂ ಅದಕ್ಕೇ.

1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಜೂಡೊ ಮೊದಲ ಬಾರಿಗೆ ಸೇರ್ಪಡೆಯಾಯಿತು. ತೂಕದ ಮಿತಿಯಿಲ್ಲದ ವಿಭಾಗದ ಫೈನಲ್‌ನಲ್ಲಿ ನೆದರ್‌ಲೆಂಡ್ಸ್‌ನ ಆಂಟನ್ ಗೇಸಿಂಕ್ ಜಪಾನಿನ ಅಕಿಯೊ ಕಾಮಿನಾಗಾನನ್ನು ನೆಲಕ್ಕೆ ಅದುಮಿಹಿಡಿದು ಗೆದ್ದ. ಕುಣಿಯುತ್ತ ಚಾಪೆಯತ್ತ ಓಡಿಬಂದ ತನ್ನ ದೇಶದವರನ್ನು ಗೇಸಿಂಕ್ ಕೈಯೆತ್ತಿ ತಡೆದ. ಸೋತವನಿಗೆ ವಂದಿಸುವುದು ಇನ್ನೂ ಬಾಕಿಯಿತ್ತು. ತವರಿನಲ್ಲೇ ಸೋತದ್ದು ಜಪಾನೀಯರಿಗೆ ನುಂಗಲಾರದ ತುತ್ತಾಗಿತ್ತು. ಆದರೆ ಹೊರಗಿನವನೊಬ್ಬ ತಮ್ಮ ಪಟ್ಟುಗಳ ಜೊತೆಗೆ ಅವುಗಳ ನಡತೆಯನ್ನೂ ಕಲಿತಿದ್ದಾನೆಂಬುದು ಅಂದು ಅವರ ಕಣ್ಣಿಗೇ ಬಿತ್ತು.