ಪಲ್ಸ್ ಆಕ್ಸಿಮೀಟರ್: ಅದು ಹೇಳುವುದೆಷ್ಟು, ಹೇಳದಿರುವುದೆಷ್ಟು?

ಅನ್ನವಿಲ್ಲದೆ ಮನುಷ್ಯನು ಕೆಲವು ವಾರಗಳನ್ನು ಕಳೆಯಬಲ್ಲನು. ನೀರಿಲ್ಲದೆ ಕೆಲವು ದಿನಗಳನ್ನು. ಆದರೆ ಆಮ್ಲಜನಕವು ದೊರೆಯದಿದ್ದರೆ ಮೆದುಳು ಕೆಲವೇ ನಿಮಿಷಗಳಲ್ಲಿ ಸರಿಪಡಿಸಲಾಗದ ಹಾನಿಗೆ ಒಳಗಾಗುತ್ತದೆ. ಹೀಗಿದ್ದರೂ ರಕ್ತದಲ್ಲಿ ಆಮ್ಲಜನಕವು ಕುಗ್ಗುತ್ತಿರುವುದನ್ನು ಬರಿಗಣ್ಣಿನಿಂದ ಗುರುತಿಸುವುದು ಸುಲಭವಲ್ಲ. ತುಟಿ, ಉಗುರುಗಳು ನೀಲಿಗಟ್ಟುವ ವೇಳೆಗೆ ಕೊರತೆಯು ಬಹಳ ಮುಂದುವರಿದಿರುತ್ತದೆ. ಸೂಜಿ ಚುಚ್ಚದೆ, ರಕ್ತ ತೆಗೆಯದೆ ಈ ಕೊರತೆಯನ್ನು ಮೊದಲೇ ತಿಳಿಸುವ ಕಿರಿಯ ಉಪಕರಣವೇ ಪಲ್ಸ್ ಆಕ್ಸಿಮೀಟರ್. ೨೦೨೦-೨೧ರ ಕೋವಿಡ್ ಪಿಡುಗಿನ ಕಾಲದಲ್ಲಿ ಇದು ಆಸ್ಪತ್ರೆಗಳಿಂದ ಹೊರಬಂದು ಆಶಾ ಕಾರ್ಯಕರ್ತೆಯರ ಕೈಚೀಲವನ್ನೂ ಸಾಮಾನ್ಯರ ಮನೆಗಳನ್ನೂ ಸೇರಿತು. ಉಪಕರಣವು ಬಂದಷ್ಟು ಬೇಗ ಅದರ ತಿಳಿವಳಿಕೆಯು ಬರಲಿಲ್ಲವೆಂಬುದು ವಿಚಾರಯೋಗ್ಯ ಸಂಗತಿ.

ಇದರ ತತ್ತ್ವವು ಸರಳವಾದುದು. ರಕ್ತದಲ್ಲಿ ಆಮ್ಲಜನಕವನ್ನು ಹೊರುವ ವಸ್ತು ಹೀಮೋಗ್ಲೋಬಿನ್. ಆಮ್ಲಜನಕವನ್ನು ಹೊತ್ತ ಹೀಮೋಗ್ಲೋಬಿನ್ ಅವಕೆಂಪು ಕಿರಣಗಳನ್ನು ಹೆಚ್ಚಾಗಿ ಹೀರಿದರೆ, ಹೊರದಿರುವುದು ಕೆಂಪು ಬೆಳಕನ್ನು ಹೆಚ್ಚಾಗಿ ಹೀರುತ್ತದೆ. ಉಪಕರಣವು ಸುಮಾರು ೬೬೦ ಮತ್ತು ೯೪೦ ನ್ಯಾನೋಮೀಟರ್ ತರಂಗಾಂತರದ ಎರಡು ಬೆಳಕುಗಳನ್ನು ಬೆರಳಿನ ಮೂಲಕ ಹಾಯಿಸಿ, ಹೊರಬರುವ ಬೆಳಕನ್ನು ಅಳೆಯುತ್ತದೆ. ಚರ್ಮ, ಮೂಳೆ, ಮಾಂಸಗಳೂ ಬೆಳಕನ್ನು ಹೀರುತ್ತವೆಯಾದರೂ ನಾಡಿಯ ಮಿಡಿತದೊಡನೆ ಏರಿಳಿಯುವುದು ಅಪಧಮನಿಯ ರಕ್ತ ಮಾತ್ರ. ಈ ಏರಿಳಿತವನ್ನೇ ಬೇರ್ಪಡಿಸಿ ಲೆಕ್ಕ ಹಾಕಬಹುದೆಂಬುದನ್ನು ೧೯೭೪ರಲ್ಲಿ ಜಪಾನಿನ ನಿಹೋನ್ ಕೋಡೆನ್ ಸಂಸ್ಥೆಯ ಇಂಜಿನಿಯರ್ ಟಾಕುವೊ ಅವೊಯಾಗಿಯವರು ತೋರಿಸಿಕೊಟ್ಟರು. ಅವರು ಬೇರೊಂದು ಅಳತೆಯಲ್ಲಿ ತೊಡಗಿದ್ದಾಗ ಅಡ್ಡಿಯೆಂದು ಕಂಡ ನಾಡಿಯ ಮಿಡಿತವೇ ಹೊಸ ಅಳತೆಗೆ ಆಧಾರವಾಯಿತು.

ಆರೋಗ್ಯವಂತರಲ್ಲಿ ಈ ಅಂಕಿಯು ಸಾಮಾನ್ಯವಾಗಿ ೯೫ರಿಂದ ೧೦೦ರವರೆಗೆ ಇರುತ್ತದೆ. ಆದರೆ ಇದು ರಕ್ತವನ್ನೇ ಪರೀಕ್ಷಿಸಿ ಹೇಳಿದ ಮಾತಲ್ಲ. ಬೆಳಕಿನಿಂದ ಕಟ್ಟಿದ ಅಂದಾಜು. ಉತ್ತಮ ಉಪಕರಣದಲ್ಲಿಯೂ ಎರಡು ಮೂರು ಅಂಶಗಳ ವ್ಯತ್ಯಾಸವು ಇದ್ದೇ ಇರುತ್ತದೆ. ಆರೋಗ್ಯವಂತ ಸ್ವಯಂಸೇವಕರ ರಕ್ತದೊಡನೆ ಹೋಲಿಸಿ ಇವುಗಳನ್ನು ಹೊಂದಿಸುವುದರಿಂದಲೂ, ಅವರ ಆಮ್ಲಜನಕವನ್ನು ೭೦ಕ್ಕಿಂತ ಕೆಳಗಿಳಿಸುವುದು ಅಪಾಯಕರವಾದುದರಿಂದಲೂ, ಅದಕ್ಕೂ ಕೆಳಗಿನ ಅಂಕಿಗಳನ್ನು ನೆಚ್ಚುವಂತಿಲ್ಲ.

ಅಂಕಿಯು ಸರಿಯಾಗಿದ್ದರೂ ರೋಗಿಯು ಅಪಾಯದಲ್ಲಿರಬಹುದು. ಇದನ್ನು ಒಂದು ಉಪಮಾನದಿಂದ ವಿವರಿಸಬಹುದು. ಊರಿನಲ್ಲಿ ನೂರು ಬಂಡಿಗಳಿದ್ದು ಅವುಗಳಲ್ಲಿ ತೊಂಬತ್ತೆಂಟು ಜೋಳದ ಚೀಲಗಳನ್ನು ಹೇರಿಕೊಂಡಿವೆಯೆನ್ನೋಣ. ಉಪಕರಣವು ೯೮ ಎನ್ನುತ್ತದೆ. ಬಂಡಿಗಳೇ ಐವತ್ತಿದ್ದು ಅವುಗಳಲ್ಲಿ ನಲವತ್ತೊಂಬತ್ತು ಹೇರಿಕೊಂಡಿದ್ದರೂ ಅದು ೯೮ ಎಂದೇ ಹೇಳುತ್ತದೆ. ಆದರೆ ಊರಿಗೆ ತಲುಪುವ ಜೋಳವು ಅರ್ಧವಾಗಿರುತ್ತದೆ. ರಕ್ತಹೀನತೆಯ ಸ್ಥಿತಿಯು ಇಂತಹುದು. ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತಹೀನತೆಯು ವ್ಯಾಪಕವಾಗಿರುವುದರಿಂದ ಈ ಮಾತು ವಿಶೇಷವಾಗಿ ಗಮನಾರ್ಹ.

ಇನ್ನು ಬಂಡಿಗಳಲ್ಲಿ ಜೋಳದ ಬದಲು ಕಲ್ಲು ತುಂಬಿದ್ದರೆ? ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಅಗ್ಗಿಷ್ಟಿಕೆ ಉರಿಸಿದಾಗ ಅಥವಾ ಗಾಳಿಯಾಡದ ಸ್ನಾನದ ಮನೆಯಲ್ಲಿ ಗ್ಯಾಸ್ ಗೀಸರ್ ಬಳಸಿದಾಗ ಕಾರ್ಬನ್ ಮೊನಾಕ್ಸೈಡ್ ಉತ್ಪತ್ತಿಯಾಗಿ ಹೀಮೋಗ್ಲೋಬಿನ್ನನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಸಾಮಾನ್ಯ ಆಕ್ಸಿಮೀಟರ್ ಇದನ್ನು ಆಮ್ಲಜನಕವೆಂದೇ ಎಣಿಸುತ್ತದೆ. ವ್ಯಕ್ತಿಯು ಪ್ರಜ್ಞೆ ತಪ್ಪಿ ಬಿದ್ದಿದ್ದರೂ ಅಂಕಿಯು ೯೮ ಇರಬಹುದು. ಅಂತಹ ವೇಳೆ ಅಂಕಿಯನ್ನು ನೋಡುತ್ತ ನಿಲ್ಲದೆ, ಕೂಡಲೇ ವ್ಯಕ್ತಿಯನ್ನು ಶುದ್ಧ ಗಾಳಿಗೆ ತಂದು ಆಸ್ಪತ್ರೆಗೆ ಒಯ್ಯಬೇಕು.

ಮೈಬಣ್ಣದ ಪ್ರಶ್ನೆಯೂ ಇದೆ. ೨೦೨೦ರ ಡಿಸೆಂಬರಿನಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ಅಮೆರಿಕದ ಒಂದು ಅಧ್ಯಯನವು ಪ್ರಕಟವಾಯಿತು. ಆಕ್ಸಿಮೀಟರ್ ೯೨ರಿಂದ ೯೬ರವರೆಗೆ ತೋರಿಸುತ್ತಿದ್ದಾಗಲೂ, ರಕ್ತಪರೀಕ್ಷೆಯಲ್ಲಿ ೮೮ಕ್ಕಿಂತ ಕಡಿಮೆ ಕಂಡುಬಂದ ಪ್ರಸಂಗಗಳು ಕಪ್ಪು ವರ್ಣೀಯ ರೋಗಿಗಳಲ್ಲಿ ನೂರಕ್ಕೆ ಸುಮಾರು ೧೨ ಇದ್ದರೆ, ಬಿಳಿಯರಲ್ಲಿ ೪ಕ್ಕಿಂತ ಕಡಿಮೆಯಿದ್ದವು. ೨೦೨೧ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಈ ಬಗ್ಗೆ ಎಚ್ಚರಿಕೆ ನೀಡಿತು. ಆ ಅಧ್ಯಯನವು ಅಲ್ಲಿಯ ಜನರನ್ನು ಕುರಿತದ್ದಾದರೂ, ಕಪ್ಪು ಮೈಬಣ್ಣದವರು ಬಹುಸಂಖ್ಯೆಯಲ್ಲಿರುವ ನಮ್ಮ ನಾಡು ಅದನ್ನು ಅಲಕ್ಷಿಸಲಾಗದು.

ಬಳಸುವ ಕ್ರಮದಲ್ಲಿ ಕೆಲವು ನಿಯಮಗಳನ್ನು ಪಾಲಿಸಬೇಕು. ಅಳತೆಗೆ ಮೊದಲು ಐದು ನಿಮಿಷ ಕುಳಿತು ವಿಶ್ರಮಿಸಬೇಕು. ತಣ್ಣಗಿನ ಕೈಗೆ ರಕ್ತವು ಸರಿಯಾಗಿ ಹರಿಯದು. ಅದನ್ನು ಉಜ್ಜಿ ಬೆಚ್ಚಗೆ ಮಾಡಿಕೊಳ್ಳಬೇಕು. ಉಗುರಿನ ಬಣ್ಣವನ್ನು ಅಳಿಸಬೇಕು. ಕಪ್ಪು ಮದರಂಗಿ ಹಚ್ಚಿದ ಬೆರಳನ್ನು ಬಿಟ್ಟು ಬೇರೆ ಬೆರಳನ್ನು ಆರಿಸಬೇಕು. ಕೈಯನ್ನು ಅಲುಗಿಸದೆ, ಪ್ರಖರ ಬಿಸಿಲು ಬೀಳದಂತೆ ಇಟ್ಟು, ಅಂಕಿಯು ಸ್ಥಿರವಾಗುವವರೆಗೆ ಒಂದು ನಿಮಿಷವಾದರೂ ಕಾಯಬೇಕು. ಉಪಕರಣವು ತೋರಿಸುವ ನಾಡಿಯ ಸಂಖ್ಯೆಯನ್ನು ಮಣಿಕಟ್ಟಿನಲ್ಲಿ ಬೆರಳಿಟ್ಟು ಎಣಿಸಿದ ಸಂಖ್ಯೆಯೊಡನೆ ಹೋಲಿಸುವುದು ಒಳ್ಳೆಯ ಪರೀಕ್ಷೆ. ಅವೆರಡೂ ಹೊಂದದಿದ್ದರೆ ಆಮ್ಲಜನಕದ ಅಂಕಿಯನ್ನೂ ನಂಬಬಾರದು.

ಒಂದು ಬಾರಿಯ ಅಂಕಿಗಿಂತ ಹಲವು ಬಾರಿಯ ಅಂಕಿಗಳ ಗತಿಯು ಹೆಚ್ಚು ಅರ್ಥಪೂರ್ಣ. ಆದುದರಿಂದ ವೇಳೆಯೊಡನೆ ಅವನ್ನು ಬರೆದಿಡಬೇಕು. ೯೮ ಇದ್ದುದು ೯೬ಕ್ಕೂ ಅಲ್ಲಿಂದ ೯೪ಕ್ಕೂ ಇಳಿಯುತ್ತ ಬಂದರೆ ವೈದ್ಯರಿಗೆ ತಿಳಿಸಬೇಕು. ೯೦ಕ್ಕಿಂತ ಕೆಳಗಿಳಿದರೆ ತಡಮಾಡಲಾಗದು. ಶ್ವಾಸಕೋಶದ ಕೆಲವು ದೀರ್ಘರೋಗಗಳಲ್ಲಿ ವೈದ್ಯರೇ ೮೮ರಿಂದ ೯೨ರ ಗುರಿಯನ್ನು ನಿಗದಿಪಡಿಸುವುದುಂಟು. ಅಂಥವರಿಗೆ ಅಂಕಿಯನ್ನು ೧೦೦ಕ್ಕೆ ಏರಿಸಬೇಕೆಂದು ಮನೆಯವರು ತಾವಾಗಿಯೇ ಆಮ್ಲಜನಕವನ್ನು ಹೆಚ್ಚಿಸುವುದು ಅಪಾಯಕರ.

ಅಂಕಿಯು ಕಡಿಮೆಯಾದಾಗ ಎಚ್ಚರಗೊಳ್ಳುವುದು ಎಷ್ಟು ಅವಶ್ಯವೋ, ಅಂಕಿಯು ಚೆನ್ನಾಗಿದೆಯೆಂದು ಮೈಮರೆಯದಿರುವುದೂ ಅಷ್ಟೇ ಅವಶ್ಯ. ರೋಗಿಯು ಏದುಸಿರು ಬಿಡುತ್ತಿದ್ದರೆ, ಎದೆನೋವೆಂದರೆ, ಮಾತು ತೊದಲಿದರೆ, ಮಂಕಾಗಿ ಕುಳಿತರೆ, ಉಪಕರಣವು ೯೭ ಎಂದರೂ ವೈದ್ಯರ ಬಳಿಗೆ ಕರೆದೊಯ್ಯುವುದೇ ವಿವೇಕ. ಬೆರಳಿಗೆ ಉಪಕರಣವನ್ನು ಸಿಕ್ಕಿಸಿದವರು ಅದರ ಅಂಕಿಯೊಡನೆ ರೋಗಿಯ ಮುಖವನ್ನೂ ನೋಡುವುದನ್ನು ರೂಢಿಸಿಕೊಳ್ಳಬೇಕು.