ನಿಮಗಿದು ಗೊತ್ತೇ? ಬಸುರಿನಲ್ಲಿ ಮಲಬದ್ಧತೆ, ಭೇದಿ ಮಾತ್ರೆ, ಔಡಲೆಣ್ಣೆ

ಬಸುರಿನಲ್ಲಿ ಪ್ರೊಜೆಸ್ಟರಾನ್ ಹಾರ್ಮೋನು ಏರಿ ಕರುಳಿನ ಚಲನೆ ನಿಧಾನವಾಗುತ್ತದೆ. ನಾಲ್ಕನೇ ತಿಂಗಳಿಂದ ದಿನಕ್ಕೊಂದು ಕಬ್ಬಿಣಾಂಶದ ಮಾತ್ರೆಯೂ ಸೇರುತ್ತದೆ. ಎರಡೂ ಕೂಡಿದಾಗ ಹೊಟ್ಟೆ ಕಟ್ಟುವುದು ಸಹಜ.

ಆ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. 180 ದಿನ ನುಂಗಬೇಕು. ಮಲ ಕಪ್ಪಾಗುವುದು ಕಬ್ಬಿಣದಿಂದಲೇ, ಹೆದರಬೇಕಿಲ್ಲ. ಮಲಬದ್ಧತೆಯೆಂದು ಮಾತ್ರೆಯನ್ನೇ ಬಿಟ್ಟರೆ ರಕ್ತಹೀನತೆ ಹೆಚ್ಚುತ್ತದೆ, ಹೆರಿಗೆಯಲ್ಲಿ ರಕ್ತ ಹೋದಾಗ ಅದು ಜೀವಕ್ಕೇ ಕುತ್ತು.

ಇದರ ಮೇಲೆ ಬಳ್ಳಾರಿಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ಸಿರುಗುಪ್ಪದ ಭತ್ತದ ಗದ್ದೆಗೋ ಕುರುಗೋಡಿನ ಕಡೆಯ ಮೆಣಸಿನಕಾಯಿ ಹೊಲಕ್ಕೋ ಕೂಲಿಗೆ ಹೋಗುವ ಹೆಣ್ಣುಮಕ್ಕಳು, ಅಲ್ಲಿ ಶೌಚಾಲಯವಿಲ್ಲವೆಂದು ನೀರನ್ನೇ ಕಡಿಮೆ ಕುಡಿಯುತ್ತಾರೆ. ಬೆವರಿನಲ್ಲಿ ನೀರು ಹೋಗುತ್ತದೆ, ಒತ್ತಡ ಬಂದರೂ ತಡೆದುಕೊಳ್ಳುತ್ತಾರೆ. ತಡೆದಷ್ಟೂ ದೊಡ್ಡಕರುಳು ಮಲದಲ್ಲಿನ ನೀರನ್ನು ಹೀರುತ್ತದೆ, ಮಲ ಗಟ್ಟಿಯಾಗುತ್ತದೆ. ಇದಕ್ಕೆ ಭೇದಿ ಮಾತ್ರೆಗಿಂತ ಮೊದಲು ಬೇಕಿರುವುದು ನೀರು, ಹೊಲದ ಹತ್ತಿರ ಒಂದು ಮರೆಯ ಜಾಗ.

ಹೊಟ್ಟೆ ಕಟ್ಟಿತೆಂದು ಬಸುರಿಗೆ ಔಡಲೆಣ್ಣೆ ಕುಡಿಸಲೇಬೇಡಿ. ಅದರ ರಿಸಿನೋಲಿಕ್ ಆಮ್ಲ ಕರುಳನ್ನಷ್ಟೇ ಅಲ್ಲ, ಗರ್ಭಕೋಶವನ್ನೂ ಹಿಂಡುತ್ತದೆ. ಹಸುಗೂಸಿಗೆ ಕುಡಿಸುವ ರೂಢಿಯೂ ನಿಲ್ಲಲಿ: ಭೇದಿಯಾಗಿ ಕೂಸಿನ ಮೈನೀರು ಬತ್ತಬಹುದು.

ಸೋನಾಮುಖಿ ಸೊಪ್ಪಾದರೂ ಕರುಳನ್ನು ಕೆರಳಿಸುವ ಔಷಧಿಯೇ. ಪುಡಿ, ಚೂರ್ಣಗಳ ಪೊಟ್ಟಣದ ಮೇಲೆ ಅದರ ಹೆಸರಿದೆಯೇ ಓದಿ ನೋಡಿ. ಬಸುರಿಯರು ವೈದ್ಯರನ್ನು ಕೇಳದೆ ಮುಟ್ಟಬಾರದು.

ಹಾಗಾದರೆ ಯಾವುದು ಸುರಕ್ಷಿತ? ಜೋಳದ ರೊಟ್ಟಿ, ಸೊಪ್ಪು, ಕಾಳು, ನೀರು ಮೊದಲು. ಸಾಲದಿದ್ದರೆ ಇಸಬ್‌ಗೋಲ್ ಅಥವಾ ಲ್ಯಾಕ್ಟುಲೋಸ್ ಸಿರಪ್ಪನ್ನು ವೈದ್ಯರು ಸಾಮಾನ್ಯವಾಗಿ ಬರೆಯುತ್ತಾರೆ. ಇವು ಹೆಚ್ಚಾಗಿ ಕರುಳಿನಲ್ಲೇ ಉಳಿದು ಕೆಲಸ ಮಾಡುತ್ತವೆ, ಮಗುವಿನವರೆಗೆ ಹೋಗುವುದು ತೀರಾ ಕಡಿಮೆ.

ಇಸಬ್‌ಗೋಲ್ ಒಣದಾಗಿ ನುಂಗಿದರೆ ಗಂಟಲಲ್ಲೇ ಉಬ್ಬಿ ಸಿಕ್ಕಿಕೊಳ್ಳಬಹುದು. ಲೋಟ ತುಂಬ ನೀರು ಬೇಕೇ ಬೇಕು. ಮಲಗುವ ಮುನ್ನ ಬೇಡ.

ಲ್ಯಾಕ್ಟುಲೋಸ್ ಕೆಲಸ ಮಾಡಲು ಎರಡು ದಿನ ಹಿಡಿಯುತ್ತದೆ. ಬೆಳಗಾಗುವಷ್ಟರಲ್ಲಿ ಆಗಲಿಲ್ಲವೆಂದು ದುಪ್ಪಟ್ಟು ಕುಡಿದವರಿಗೆ ಹೊಟ್ಟೆ ನುಲಿತವೇ ಗತಿ.

ಬಿಸಾಕೊಡಿಲ್ ಎಂಬ ಭೇದಿ ಮಾತ್ರೆ ಕೆಲಸ ಮಾಡಲು 6ರಿಂದ 12 ಗಂಟೆ ಬೇಕು. ಅದನ್ನು ಪುಡಿ ಮಾಡಬಾರದು, ಹಾಲಿನ ಜೊತೆ ನುಂಗಬಾರದು. ಹಾಗೆ ಮಾಡಿದರೆ ಮೇಲಿನ ಪದರ ಹೊಟ್ಟೆಯಲ್ಲೇ ಕರಗಿ ಉರಿ ಬರುತ್ತದೆ.

ಮಲ ಜಾರಿಸುವ ಲಿಕ್ವಿಡ್ ಪ್ಯಾರಾಫಿನ್ ಎಣ್ಣೆಯನ್ನು ಬಹಳ ದಿನ ಕುಡಿದರೆ ಎ, ಡಿ, ಇ, ಕೆ ವಿಟಮಿನ್‌ಗಳು ಮೈಗೆ ಹತ್ತುವುದಿಲ್ಲ. ಹಾಸಿಗೆ ಹಿಡಿದ ಹಿರಿಯರಿಗೆ ಕುಡಿಸುವಾಗ ಶ್ವಾಸಕೋಶಕ್ಕೆ ಇಳಿಯುವ ಅಪಾಯವೂ ಉಂಟು. ಮೂತ್ರಪಿಂಡದ ತೊಂದರೆಯಿದ್ದವರಿಗೆ ಮೆಗ್ನೀಸಿಯಂ ಇರುವ ಭೇದಿ ಔಷಧಿ ಬೇಡ.

ಹೊಟ್ಟೆನೋವಿನ ಜೊತೆ ವಾಂತಿ, ಜ್ವರ, ಹೂಸೂ ಹೋಗದಿರುವುದು, ಮಲದಲ್ಲಿ ರಕ್ತ: ಇವುಗಳಲ್ಲಿ ಒಂದಿದ್ದರೂ ಭೇದಿ ಮಾತ್ರೆ ಕೊಡಬೇಡಿ. ಬಸುರಿಗೆ ಬಿಟ್ಟು ಬಿಟ್ಟು ನೋವು, ರಕ್ತಸ್ರಾವ, ನೀರು ಹೋಗುವುದು ಕಂಡರೆ ತಡಮಾಡದೆ 108ಕ್ಕೆ ಕರೆ ಮಾಡಿ.

ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತದೆ. ಬಿ.ಪಿ., ರಕ್ತ, ತೂಕದ ಜೊತೆಗೆ ಮಲಬದ್ಧತೆಯ ಬಗ್ಗೆಯೂ ನಾಚದೆ ಕೇಳಿ, ತಾಯಂದಿರೇ.